ಕಾಯುವುದನ್ನು ಕಲಿಸುವ ಕಲೆ

(ಸಂಪಾಜೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ತಮ್ಮ ದುಡಿಮೆಯ ಒಂದು ಪಾಲನ್ನು ಬದಿಗಿಟ್ಟು, ಅಸಲನ್ನು ಮುಟ್ಟದೆ, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಊರಿನ ಕಿವಿಗೆ ಒಂದು ಒಳ್ಳೆಯ ಮಾತು ಬೀಳಲಿ ಎಂದು ಬಯಸಿ ಈ ದತ್ತಿಯನ್ನು ಸ್ಥಾಪಿಸಿದವರ ನೆನಪಿಗೆ ಮೊದಲು ಕೈಮುಗಿಯುತ್ತೇನೆ. ದತ್ತಿಯ ಒಳಗೆ ಒಂದು ನಂಬಿಕೆ ಇದೆ: ನಾವು ಹೋದ ಮೇಲೂ ಇಲ್ಲಿ ಜನ ಸೇರುತ್ತಾರೆ, ಕೇಳುತ್ತಾರೆ ಎಂಬ ನಂಬಿಕೆ. ಮಕ್ಕಳಿಗೆ ಕಲಿಸುವವರ ನಂಬಿಕೆಯೂ ಇದೇ ಜಾತಿಯದು. ಇಂದು ಬಿತ್ತಿದ್ದರ ಫಲವನ್ನು ನೋಡಲು ನಾವು ಇರುತ್ತೇವೋ ಇಲ್ಲವೋ, ಬಿತ್ತುವ ಕೆಲಸ ನಿಲ್ಲುವುದಿಲ್ಲ.

ನಾಟಕದ ತರಬೇತಿ ಚಿಕ್ಕ ಮಕ್ಕಳಲ್ಲಿ ಆತ್ಮವಿಶ್ವಾಸವನ್ನೂ ಶಿಸ್ತನ್ನೂ ಹೇಗೆ ಬೆಳೆಸುತ್ತದೆ ಎಂಬುದು ನನಗೆ ಕೊಟ್ಟ ವಿಷಯ. ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳುತ್ತ, ಮಕ್ಕಳ ಜೊತೆ ನಾಟಕ ಕಟ್ಟುತ್ತ ಬಂದವನು ನಾನು. ಪುಸ್ತಕದಿಂದ ಕಲಿತದ್ದಕ್ಕಿಂತ ಸೈಡ್ ವಿಂಗಿನಲ್ಲಿ ನಿಂತು ಕಲಿತದ್ದು ಹೆಚ್ಚು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಒಂದು ಕ್ರಿಯಾಪದ

ಆತ್ಮವಿಶ್ವಾಸ, ಶಿಸ್ತು. ಈ ಎರಡು ಪದಗಳನ್ನು ನಾವು ಶಾಲೆಯ ಗೋಡೆಯ ಮೇಲೆ ಅಕ್ಕಪಕ್ಕ ಬರೆಯುತ್ತೇವೆ. ಮನಸ್ಸಿನಲ್ಲಿ ಮಾತ್ರ ಅವು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ ಎಂದುಕೊಂಡಿದ್ದೇವೆ. ಜೋರಾಗಿ ಮಾತಾಡುವ ಮಗು ಧೈರ್ಯದ್ದು, ಬಾಯಿಗೆ ಬೆರಳಿಟ್ಟು ಕುಳಿತ ಮಗು ಶಿಸ್ತಿನದು. ಒಂದು ಬೇಕಾದರೆ ಇನ್ನೊಂದನ್ನು ಸ್ವಲ್ಪ ಬಿಡಬೇಕು ಎಂಬುದು ನಮ್ಮ ಒಳಗಿನ ಲೆಕ್ಕ. ನಾಟಕ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಕನ್ನಡದಲ್ಲಿ 'ಕಾಯು' ಎಂಬ ಕ್ರಿಯಾಪದವಿದೆ. ಸಂಪಾಜೆ ಗೇಟಿನ ಹತ್ತಿರ ನಾವು ಮಡಿಕೇರಿಯ ಬಸ್ಸಿಗೆ ಕಾಯುತ್ತೇವೆ. ಗುಡ್ಡದಲ್ಲಿ ಹುಡುಗ ದನ ಕಾಯುತ್ತಾನೆ. ಒಂದೇ ಪದ, ಎರಡು ಅರ್ಥ. ಬರಬೇಕಾದದ್ದನ್ನು ಎದುರುನೋಡುವುದೂ ಕಾಯುವುದೇ, ನಂಬಿ ಬಂದದ್ದನ್ನು ರಕ್ಷಿಸುವುದೂ ಕಾಯುವುದೇ. ರಂಗದ ಮೇಲಿನ ಮಗು ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ. ತನ್ನ ಸರದಿಗೆ ಕಾಯುತ್ತದೆ, ಕಾಯುತ್ತಲೇ ಎದುರಿನವನ ಮಾತನ್ನು ಕಾಯುತ್ತದೆ. 'ನಾನು ಕಾಯಬೇಕಾದವರು ಇದ್ದಾರೆ' ಎಂದು ತಿಳಿದಾಗ ಮಗುವಿಗೆ ಶಿಸ್ತು ಬರುತ್ತದೆ. 'ನನ್ನನ್ನು ಕಾಯುವವರು ಇದ್ದಾರೆ' ಎಂದು ತಿಳಿದಾಗ ಧೈರ್ಯ ಬರುತ್ತದೆ. ಎರಡೂ ಒಂದೇ ಬೇರಿನವು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಪರದೆಯ ಹಿಂದಿನ ಹುಡುಗಿ

ಬಹಳ ವರ್ಷಗಳ ಹಿಂದೆ ನಾಲ್ಕನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ಅರೆಭಾಷೆ. ಶಾಲೆಯ ಕನ್ನಡದಲ್ಲಿ ಬಾಯಿಬಿಟ್ಟರೆ ತಪ್ಪಾದೀತು ಎಂಬ ಅಳುಕಿನಿಂದ ಹಾಜರಿ ಹೇಳುವಾಗಲೂ ಕೈ ಮಾತ್ರ ಎತ್ತುತ್ತಿದ್ದಳು. ನಾಟಕಕ್ಕೆ ಹೆಸರು ಬರೆದುಕೊಳ್ಳುವ ದಿನ ಅವಳ ತಂದೆ ಬಂದು, "ಮಾಷ್ಟ್ರೇ, ಅವಳಿಗೆ ಪಾರ್ಟು ಕೊಡುದು ಬೇಡ, ನಾಟಕ ಹಾಳಾದೀತು" ಎಂದರು. ಅವರ ಮಾತಿನಲ್ಲಿದ್ದದ್ದು ಮಗಳ ಮೇಲಿನ ಅಕ್ಕರೆ. ನಾನು ಅವಳಿಗೆ ಮಾತಿನ ಪಾತ್ರ ಕೊಡಲಿಲ್ಲ. ಕಾಡಿನ ದೃಶ್ಯದಲ್ಲಿ ಜಾಗಟೆ ಬಡಿಯುವ ಕೆಲಸ ಕೊಟ್ಟೆ. ಹುಲಿ ಬರುವ ಮೊದಲು ಮೂರು ಪೆಟ್ಟು, ಮಳೆ ಬರುವ ಮೊದಲು ಒಂದು ಪೆಟ್ಟು.

ಜಾಗಟೆ ಸರಿಯಾದ ಹೊತ್ತಿಗೆ ಬೀಳಬೇಕಾದರೆ ಎಲ್ಲರ ಮಾತನ್ನೂ ಕೇಳುತ್ತಿರಬೇಕು. ಅವಳು ಕೇಳಿದಳು. ಮೂರು ವಾರದ ತಾಲೀಮು ಮುಗಿಯುವಷ್ಟರಲ್ಲಿ ಹನ್ನೆರಡು ಮಕ್ಕಳ ಮಾತುಗಳೂ ಅವಳಿಗೆ ಬಾಯಿಪಾಠವಾಗಿದ್ದವು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪ್ರದರ್ಶನದ ದಿನ ತುಂಬಿದ ಸಭೆಯ ಎದುರು ನಮ್ಮ ಹುಲಿ ಮಾತು ಮರೆತು ನಿಂತಿತು. ಒಂದು ಕ್ಷಣ, ಎರಡು ಕ್ಷಣ. ಪರದೆಯ ಬದಿಯಿಂದ ಮೆಲ್ಲನೆ, ಸ್ಪಷ್ಟವಾಗಿ ಮುಂದಿನ ಮಾತು ಬಂತು. ಹುಲಿ ಅದನ್ನು ಹಿಡಿದುಕೊಂಡು ಗರ್ಜಿಸಿತು. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹುಲಿಗೆ ತಿಳಿಯಿತು, ನನಗೆ ತಿಳಿಯಿತು, ಅವಳಿಗೆ ತಿಳಿಯಿತು.

ಆ ಹುಡುಗಿ ಮರುದಿನದಿಂದ ಮಾತುಗಾತಿಯಾದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಮಿತಭಾಷಿಯಾಗಿಯೇ ಉಳಿದಳು. ಆದರೆ ಹಾಜರಿಗೆ ಕೈ ಎತ್ತುವುದನ್ನು ಬಿಟ್ಟು 'ಇದ್ದೇನೆ' ಎನ್ನತೊಡಗಿದಳು. ಆತ್ಮವಿಶ್ವಾಸ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಒಂದು ಪದ. ತಾನು ಇದ್ದೇನೆ, ತಾನು ಇರುವುದರಿಂದ ಇನ್ನೊಬ್ಬರಿಗೆ ಆಸರೆ ಇದೆ ಎಂದು ಮಗುವಿಗೆ ಅನ್ನಿಸುವುದು. ಧ್ವನಿ ಎಷ್ಟು ಜೋರಾಗಿದೆ ಎಂಬುದು ಆಮೇಲಿನ ಮಾತು.

ಚೌಕಿಯ ಪಾಠ

ಕಾಯುತ್ತ ಕಲಿಯುವ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಯಕ್ಷಗಾನ ಇದನ್ನು ಹಿಂದಿನಿಂದಲೇ ಕಲಿಸುತ್ತ ಬಂದಿದೆ. ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ಕರಾವಳಿಯಿಡೀ ತಿರುಗಿದ ಸಂಪಾಜೆ ಶೀನಪ್ಪ ರೈಗಳಂಥ ಕಲಾವಿದರನ್ನು ನೀವು ಬಲ್ಲಿರಿ. ಇಲ್ಲೇ ಕಲ್ಲುಗುಂಡಿಯಲ್ಲಿ ನಡೆಯುವ ಸಂಪಾಜೆ ಯಕ್ಷೋತ್ಸವಕ್ಕೆ ಎಲ್ಲೆಲ್ಲಿಂದಲೋ ಬರುವ ಪ್ರೇಕ್ಷಕರನ್ನೂ ಬಲ್ಲಿರಿ. ಆದರೆ ಬೆಳಗಿನ ಜಾವ ಅಬ್ಬರಿಸುವ ಬಣ್ಣದ ವೇಷ ತನ್ನ ಮೊದಲ ಹೆಜ್ಜೆಯನ್ನು ಎಲ್ಲಿ ಇಟ್ಟಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದದ್ದು ಪೂರ್ವರಂಗದ ಕೋಡಂಗಿ ವೇಷ. ಆಮೇಲೆ ಬಾಲಗೋಪಾಲ. ಅದರ ನಂತರ ಸ್ತ್ರೀವೇಷ, ಪುಂಡುವೇಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ. ಕೋಡಂಗಿ ಕುಣಿಯುವ ಹೊತ್ತಿಗೆ ಸಭೆ ಇನ್ನೂ ಪೂರ್ತಿ ಸೇರಿರುವುದಿಲ್ಲ. ಕಡಲೆ ಮಾರುವವನು ಬುಟ್ಟಿ ಇಳಿಸುತ್ತಿರುತ್ತಾನೆ, ಜನ ಚಾಪೆ ಹಾಸುತ್ತಿರುತ್ತಾರೆ. ಆ ಗಲಿಬಿಲಿಯಲ್ಲೇ ಹುಡುಗ ತಾಳಕ್ಕೆ ಕಾಲು ಹೊಂದಿಸಬೇಕು. ಇದರ ಹಿಂದೆ ಎಂಥ ಜಾಣತನವಿದೆ ನೋಡಿ. ಸಾವಿರ ಕಣ್ಣುಗಳ ಎದುರು ಎಳೆಯ ಮಗುವನ್ನು ಒಮ್ಮೆಗೇ ನೂಕಲಿಲ್ಲ. ಅರ್ಧ ಗಮನದ ಸಭೆ, ಚಿಕ್ಕ ಕೆಲಸ, ತಪ್ಪಿದರೂ ನಗುವವರಿಲ್ಲ. ಸಭಾಕಂಪನ ಹೋಗಲಾಡಿಸಲು ಇದಕ್ಕಿಂತ ಮೃದುವಾದ ದಾರಿಯನ್ನು ನಾನು ಎಲ್ಲೂ ಕಂಡಿಲ್ಲ.

ಬಣ್ಣ ಹಚ್ಚುವ ಚೌಕಿಗೆ ಹೋಗಿ ನೋಡಿ. ಗಣಪತಿಯ ಮುಂದೆ ದೀಪ. ಯಾರ ಪೆಟ್ಟಿಗೆ ಎಲ್ಲಿ, ಯಾರು ಎಲ್ಲಿ ಕುಳಿತು ಬಣ್ಣ ಹಚ್ಚಬೇಕು ಎಂಬುದಕ್ಕೆ ಕ್ರಮವಿದೆ. ಗೆಜ್ಜೆಯನ್ನು ಕಣ್ಣಿಗೊತ್ತಿ ಕಟ್ಟಿಕೊಳ್ಳುತ್ತಾರೆ. ಭುಜಕೀರ್ತಿಯ ದಾರ ಬಿಗಿಯಲು ಇನ್ನೊಬ್ಬನ ಕೈ ಬೇಕು. ರಾಜನ ವೇಷದವನೂ ಬೆನ್ನು ತಿರುಗಿಸಿ ನಿಂತು ಕಾಯಬೇಕು. ಮಗು ಇದನ್ನು ಬೋಧನೆಯಿಂದ ಕಲಿಯುವುದಿಲ್ಲ. ಅಲ್ಲಿ ಕುಳಿತು ಕಲಿಯುತ್ತದೆ. ರಂಗಕ್ಕೆ ಬಂದ ಮೇಲೆ ಭಾಗವತರ ಪದ ಮುಗಿಯುವವರೆಗೆ ಬಾಯಿ ತೆರೆಯುವಂತಿಲ್ಲ. ಚೆಂಡೆಯ ಬಿಡ್ತಿಗೆಗೆ ಹೆಜ್ಜೆ ಸರಿಯಾಗಿ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಚೆಂಡೆ ಒಂದು ಕಡೆ, ಕಾಲು ಒಂದು ಕಡೆ. ಯಾರೂ ಬೈಯುವ ಅಗತ್ಯವಿಲ್ಲ, ತಾಳವೇ ಹೇಳಿಬಿಡುತ್ತದೆ. ಮನುಷ್ಯರು ಹೇರಿದ ಶಿಸ್ತಿಗೆ ಮಗು ಮುನಿಸಿಕೊಳ್ಳಬಹುದು. ತಾಳ ಹೇಳಿದ ಶಿಸ್ತಿಗೆ ಯಾವ ಮಗುವೂ ಮುನಿಸಿಕೊಂಡದ್ದನ್ನು ನಾನು ನೋಡಿಲ್ಲ.

ತಾಳಮದ್ದಳೆಯ ಪಾಠ ಇನ್ನೂ ಸೂಕ್ಷ್ಮ. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಎದುರು ಕುಳಿತ ಅರ್ಥಧಾರಿ ಏನು ಹೇಳಿದನೋ ಅದಕ್ಕೆ ಆಗಲೇ ಉತ್ತರ ಹುಟ್ಟಬೇಕು. ಹುಟ್ಟಬೇಕಾದರೆ ಕೇಳಿರಬೇಕು. ತನ್ನ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತ ಕುಳಿತ ಹುಡುಗ ಎದುರಾಳಿಯ ಪ್ರಶ್ನೆಯನ್ನೇ ಕಳೆದುಕೊಳ್ಳುತ್ತಾನೆ. ಚೆನ್ನಾಗಿ ಮಾತಾಡುವುದಕ್ಕೆ ಚೆನ್ನಾಗಿ ಕೇಳುವುದೇ ದಾರಿ ಎಂಬುದನ್ನು ಐದನೆಯ ತರಗತಿಯ ಮಗುವಿಗೂ ಮನದಟ್ಟು ಮಾಡಿಸುವ ಕಲೆ ನಮ್ಮ ಮನೆಯ ಜಗಲಿಯಲ್ಲೇ ಇದೆ.

ಮಕ್ಕಳು ಇದನ್ನು ವೃತ್ತಿಮೇಳಕ್ಕೆ ಸೇರದೆಯೂ ಕಲಿಯಬಹುದು ಎಂದು ತೋರಿಸಿದವರು ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಎಚ್. ಶ್ರೀಧರ ಹಂದೆಯವರು. ಅವರು 1975ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಬಡಗುತಿಟ್ಟಿನ ಯಕ್ಷಗಾನವನ್ನು ಮಕ್ಕಳ ಕಾಲಿಗೂ ಕಂಠಕ್ಕೂ ಒಗ್ಗಿಸಿತು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್, ಪಟ್ಲ ಫೌಂಡೇಶನ್‌ನ ಯಕ್ಷಶಿಕ್ಷಣ ಇಂದು ಶಾಲೆಗಳ ಒಳಗೇ ಬಂದಿವೆ. ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿ ಧೀಂಗಿಣ ಹಾಕುತ್ತಿದ್ದಾರೆ. ನಮ್ಮ ಅಜ್ಜಿಯರು ನೋಡಿ ಮಾತ್ರ ತೃಪ್ತಿಪಟ್ಟ ಕಲೆಯನ್ನು ಮೊಮ್ಮಕ್ಕಳು ಕುಣಿಯುತ್ತಿದ್ದಾರೆ. ಇದು ಸಣ್ಣ ಸಂಗತಿಯಲ್ಲ.

ಇಬ್ಬರು ಕಾರಂತರು

ಸಂಪಾಜೆಯ ಈ ದಾರಿಯಲ್ಲೇ ಕೆಳಗಿಳಿದು ಹೋದರೆ ಪುತ್ತೂರು. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿದ ಊರು. 'ಬಾಲಪ್ರಪಂಚ' ಎಂಬ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶವನ್ನು 1930ರ ದಶಕದಲ್ಲಿ ಕೊಟ್ಟ ಅದೇ ಕಾರಂತರು, ಪುಸ್ತಕ ಒಂದರಿಂದಲೇ ಮಗು ಬೆಳೆಯದು ಎಂದು ಬಾಲವನವನ್ನು ಕಟ್ಟಿದರು. ಆಟ, ಕುಣಿತ, ಚಿತ್ರ, ನಾಟಕ ಅಲ್ಲಿ ಪಾಠದ ಬಿಡುವಿನ ವೇಳೆಯ ಚಟುವಟಿಕೆ ಆಗಿರಲಿಲ್ಲ, ಅವೇ ಪಾಠ. ಸಹಕಾರಿ ಪಿತಾಮಹ ಮೊಳಹಳ್ಳಿ ಶಿವರಾಯರ ಜೊತೆಗೂಡಿ ಅವರು ಪುತ್ತೂರಿನಲ್ಲಿ ನಡೆಸಿದ ದಸರಾ ನಾಡಹಬ್ಬಗಳು ಒಂದು ಇಡೀ ತಲೆಮಾರಿಗೆ ವೇದಿಕೆಯಾದವು. ಬಾಲವನ ಇಂದಿಗೂ ಅಲ್ಲಿದೆ. ಮಕ್ಕಳನ್ನು ಪ್ರವಾಸಕ್ಕೆ ದೂರದೂರ ಕರೆದೊಯ್ಯುವ ನಾವು ಒಮ್ಮೆ ಅಲ್ಲಿಗೂ ಕರೆದೊಯ್ಯಬೇಕು.

ಪುತ್ತೂರಿನಿಂದ ಇನ್ನಷ್ಟು ಮುಂದೆ ಬಂಟ್ವಾಳ ತಾಲೂಕಿನ ಮಂಚಿ. ಬಿ.ವಿ. ಕಾರಂತರು 1929ರಲ್ಲಿ ಹುಟ್ಟಿದ್ದು ಅಲ್ಲಿನ ಬಾಬುಕೋಡಿಯಲ್ಲಿ. ಮೂರನೆಯ ತರಗತಿಯಲ್ಲಿದ್ದಾಗ ಪಿ.ಕೆ. ನಾರಾಯಣ ಎಂಬವರು ಆಡಿಸಿದ, ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಆ ಹುಡುಗ ಪಾತ್ರ ಮಾಡಿದ. ಮುಂದೆ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದು, ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದ್ದು, 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದದ್ದು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ್ದು ಎಲ್ಲ ನಿಮಗೆ ತಿಳಿದ ಕಥೆ. ನನ್ನನ್ನು ಕಾಡುವುದು ಕಥೆಯ ಆರಂಭ. ಹಳ್ಳಿಯ ಶಾಲೆಯಲ್ಲಿ ಒಂದು ನಾಟಕ ಆಡಿಸಿದ ಆ ವ್ಯಕ್ತಿಗೆ ತಾನು ಭಾರತದ ರಂಗಭೂಮಿಗೆ ಏನು ಕೊಡುತ್ತಿದ್ದೇನೆಂದು ತಿಳಿದಿರಲು ಸಾಧ್ಯವೇ ಇರಲಿಲ್ಲ. ಶಿಕ್ಷಕ ಮಿತ್ರರೇ, ನೀವು ಆಡಿಸುವ ನಾಟಕವೂ ಹಾಗೆಯೇ.

ಬಿ.ವಿ. ಕಾರಂತರು ಮಕ್ಕಳಿಗಾಗಿ ಮಾಡಿದ 'ಪಂಜರಶಾಲೆ' ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿಂದ ಹುಟ್ಟಿದ್ದು. ಹಾಡಿಕೊಂಡಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಚಿನ್ನದ ಪಂಜರ ಮಾಡಿಸುತ್ತಾನೆ. ಪಂಡಿತರು ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಶಿಸ್ತು ಪೂರ್ತಿಯಾಗುವ ಹೊತ್ತಿಗೆ ಗಿಳಿ ಇರುವುದಿಲ್ಲ. ಶಿಸ್ತಿನ ಬಗ್ಗೆ ಮಾತಾಡುವವರೆಲ್ಲ ಈ ಗಿಳಿಯನ್ನು ಎದೆಯಲ್ಲಿಟ್ಟುಕೊಂಡಿರಬೇಕು. ಬಿ.ವಿ. ಕಾರಂತರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಆರಂಭಿಸಿ 'ಅಳಿಲು ರಾಮಾಯಣ'ದಂಥ ನಾಟಕಗಳನ್ನು ಮಕ್ಕಳಿಂದ ಆಡಿಸಿದರು. ವೈದೇಹಿಯವರು 'ಧಾಂ ಧೂಂ ಸುಂಟರಗಾಳಿ', 'ನಾಯಿಮರಿ ನಾಟಕ' ಮುಂತಾಗಿ ಮಕ್ಕಳ ನಾಲಗೆಗೆ ಒಗ್ಗುವ ನಾಟಕಗಳನ್ನು ಕೊಟ್ಟರು. ನಮ್ಮದೇ ಸುಳ್ಯದಲ್ಲಿ, ನೀನಾಸಂನಲ್ಲಿ ಕಲಿತು ಬಂದ ಜೀವನ್‌ರಾಂ ಸುಳ್ಯ ಅವರು ಹಳೆಗೇಟಿನ ಬಳಿ ಕಟ್ಟಿದ ರಂಗಮನೆ ಬೇಸಿಗೆ ರಜೆಯಲ್ಲಿ ಮಕ್ಕಳ ದನಿಯಿಂದ ತುಂಬುತ್ತದೆ. ಮನೆಯೇ ರಂಗವಾದರೆ ಊರು ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಲು ಸಂಪಾಜೆಯವರು ದೂರ ಹೋಗಬೇಕಿಲ್ಲ.

ತಾಲೀಮಿನಲ್ಲಿ ನಡೆಯುವುದು ಏನು?

ಈಗ ಕೆಲಸದ ಒಳಗೆ ಬರೋಣ. ನಾಟಕದ ತರಬೇತಿ ಎಂದೊಡನೆ ಮಾತು ಬಾಯಿಪಾಠ ಮಾಡಿಸುವುದು ಎಂದು ಹಲವರ ಎಣಿಕೆ. ಅದು ಕೊನೆಯ ಕೆಲಸ. ಮೊದಲ ದಿನ ಮಕ್ಕಳನ್ನು ವೃತ್ತದಲ್ಲಿ ನಿಲ್ಲಿಸುತ್ತೇವೆ. ವೃತ್ತದಲ್ಲಿ ಮುಂದಿನ ಬೆಂಚು, ಹಿಂದಿನ ಬೆಂಚು ಇಲ್ಲ. ಒಂದು ಚಪ್ಪಾಳೆಯನ್ನು ಒಬ್ಬರಿಂದ ಒಬ್ಬರಿಗೆ ಕಳಿಸುತ್ತೇವೆ. ಕಣ್ಣಲ್ಲಿ ಕಣ್ಣಿಟ್ಟು ಕೊಡಬೇಕು, ಕಣ್ಣಲ್ಲಿ ಕಣ್ಣಿಟ್ಟು ತೆಗೆದುಕೊಳ್ಳಬೇಕು. ತಲೆ ತಗ್ಗಿಸಿ ನಿಂತ ಮಗುವಿಗೆ 'ತಲೆ ಎತ್ತು' ಎಂದು ಹೇಳುವ ಅಗತ್ಯ ಬೀಳುವುದಿಲ್ಲ. ಚಪ್ಪಾಳೆ ಬರುತ್ತಿದೆ ಎಂದು ಅದು ತಾನೇ ತಲೆ ಎತ್ತುತ್ತದೆ.

ಆಮೇಲೆ ನಡಿಗೆ. ಎಲ್ಲರೂ ಬೇಕಾದ ದಿಕ್ಕಿಗೆ ನಡೆಯಿರಿ, ಯಾರಿಗೂ ತಾಗಬೇಡಿ, ಒಬ್ಬರು ನಿಂತರೆ ಎಲ್ಲರೂ ನಿಲ್ಲಿ. ಯಾರು ನಿಲ್ಲುತ್ತಾರೆಂದು ಯಾರಿಗೂ ಗೊತ್ತಿಲ್ಲ. ಮೊದಮೊದಲು ಡಿಕ್ಕಿ, ಗಲಾಟೆ, ನಗು. ನಾಲ್ಕನೆಯ ದಿನ ಮೂವತ್ತು ಮಕ್ಕಳು ಒಂದೇ ಉಸಿರಿನಲ್ಲಿ ನಿಲ್ಲುತ್ತಾರೆ. ಬೆತ್ತದಿಂದ ಆಗದ ನಿಶ್ಶಬ್ದ ಅದು. ಕನ್ನಡಿಯ ಆಟದಲ್ಲಿ ಒಂದು ಮಗು ಕೈ ಎತ್ತಿದರೆ ಎದುರಿನ ಮಗು ಅದರ ಬಿಂಬವಾಗಬೇಕು. ಚೆನ್ನಾಗಿ ಆಡುವ ಜೋಡಿಯಲ್ಲಿ ಯಾರು ಕನ್ನಡಿ, ಯಾರು ಮುಖ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಹಾಗೆ ತಿಳಿಯದಂತೆ ಆಡಬೇಕಾದರೆ ಮುಂದಾಳಾದವನು ಹಿಂದಿರುವವನಿಗೆ ಎಟಕುವಷ್ಟೇ ವೇಗದಲ್ಲಿ ಹೋಗಬೇಕು. ನಾಯಕತ್ವದ ಪಾಠ ಬೇರೆ ಬೇಕೇ?

ವಸ್ತುಗಳ ಆಟಕ್ಕೆ ನಮ್ಮ ತೋಟವೇ ಅಂಗಡಿ. ಒಂದು ಅಡಿಕೆ ಹಾಳೆ ಕೊಟ್ಟರೆ ಅದು ದೋಣಿಯಾಗುತ್ತದೆ, ಗುರಾಣಿಯಾಗುತ್ತದೆ, ತೊಟ್ಟಿಲಾಗುತ್ತದೆ, ಎರಡು ಕಣ್ಣು ಕೊರೆದರೆ ಮುಖವಾಡವಾಗುತ್ತದೆ. ಮುಖವಾಡದ ಹಿಂದೆ ನಿಂತ ಅಂಜುಬುರುಕ ಮಗುವಿನ ಗಂಟಲು ತೆರೆದುಕೊಳ್ಳುವುದನ್ನು ನೋಡಿದವರಿಗೆ ಗೊತ್ತು. 'ಮಾತಾಡುತ್ತಿರುವುದು ನಾನಲ್ಲ, ರಾಕ್ಷಸ' ಎಂಬ ಆಸರೆ ಸಿಕ್ಕಿದೆ ಅದಕ್ಕೆ. ಕೆಲವು ದಿನ ರಾಕ್ಷಸನ ದನಿಯನ್ನು ಸಾಲ ಪಡೆದ ಮಗು ಒಂದು ದಿನ ಸಾಲ ತೀರಿಸಿ ತನ್ನ ದನಿಯಲ್ಲೇ ಮಾತಾಡುತ್ತದೆ.

ವಯಸ್ಸಿಗೆ ತಕ್ಕ ಮೆಟ್ಟಿಲುಗಳೂ ಬೇಕು. ಇಂಗ್ಲೆಂಡಿನ ಪೀಟರ್ ಸ್ಲೇಡ್ 1954ರ ತಮ್ಮ 'ಚೈಲ್ಡ್ ಡ್ರಾಮಾ' ಪುಸ್ತಕದಲ್ಲಿ, ಮಕ್ಕಳ ಆಟವೇ ಒಂದು ನಾಟಕ, ಅದನ್ನು ಅವಸರಪಟ್ಟು ವೇದಿಕೆಗೆ ಹತ್ತಿಸಬಾರದು ಎಂಬ ವಾದವನ್ನು ಮುಂದಿಟ್ಟರು. ಅಮೆರಿಕದ ವಯೋಲಾ ಸ್ಪೋಲಿನ್ 1963ರಲ್ಲಿ ರಂಗದ ಆಟಗಳನ್ನು ಕ್ರಮವಾಗಿ ಜೋಡಿಸಿ ಪುಸ್ತಕ ಮಾಡಿದರು. ಇವರಿಬ್ಬರ ಬರಹ ಓದಿದಾಗ ನನಗೆ ನಮ್ಮ ಕೋಡಂಗಿ, ಬಾಲಗೋಪಾಲರು ನೆನಪಾದರು. ನನ್ನ ಅನುಭವದ ಲೆಕ್ಕ ಇಷ್ಟು: ಏಳು ವರ್ಷದವರೆಗೆ ಬರಿಯ ಆಟ, ಪ್ರೇಕ್ಷಕರು ಬೇಡ. ಎಂಟರಿಂದ ಹತ್ತರವರೆಗೆ ಕಥೆ ಕೇಳಿ ತಾವೇ ಮಾತು ಕಟ್ಟಿ ಆಡಲಿ. ನೋಡಲು ಪಕ್ಕದ ತರಗತಿಯವರು ಬರಲಿ. ಅದರ ಮೇಲಿನವರಿಗೆ ಬರೆದ ನಾಟಕ, ಬೆಳಕು, ಸಭೆ.

ನಾವು ತಪ್ಪುವ ಕಡೆ

ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ನಾವು ಯಾರನ್ನು ಆರಿಸುತ್ತೇವೆ? ಈಗಾಗಲೇ ಚೆನ್ನಾಗಿ ಮಾತಾಡುವ ಐದಾರು ಮಕ್ಕಳನ್ನು. ಔಷಧ ಬೇಕಾದವರನ್ನು ಹೊರಗೆ ನಿಲ್ಲಿಸಿ ಆರೋಗ್ಯವಂತರಿಗೆ ಟಾನಿಕ್ ಕೊಟ್ಟಂತೆ ಇದು. ಇನ್ನೊಂದು ರೂಢಿ ಇತ್ತೀಚಿನದು. ಸಂಭಾಷಣೆಯನ್ನು ಮೊದಲೇ ಧ್ವನಿಮುದ್ರಿಸಿ ಮಕ್ಕಳಿಂದ ಬಾಯಾಡಿಸುವುದು. ತಪ್ಪೇ ಆಗುವುದಿಲ್ಲ, ನಿಜ. ಆದರೆ ತಪ್ಪಾದಾಗ ಗೆಳೆಯ ಕೈಹಿಡಿಯುವ ಅವಕಾಶವೂ ಇರುವುದಿಲ್ಲ. ನನ್ನ ಜಾಗಟೆಯ ಹುಡುಗಿಗೆ ಆ ನಾಟಕದಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಪೋಷಕರಿಗೆ ಒಂದು ವಿನಂತಿ. ಟಿ.ವಿ.ಯ ಸ್ಪರ್ಧೆಗಳಲ್ಲಿ ಆರು ವರ್ಷದ ಮಗು ದೊಡ್ಡವರ ಮಾತನ್ನು ದೊಡ್ಡವರ ಹಾವಭಾವದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ಆತ್ಮವಿಶ್ವಾಸ ಎಂದು ತಿಳಿಯಬೇಡಿ. ಚಪ್ಪಾಳೆ ನಿಂತ ದಿನ ಆ ಮಗುವಿಗೆ ನೆಲ ಸಿಗುವುದಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದರೆ ಸಂತೋಷಪಡೋಣ, ಆದರೆ ಮನೆಗೆ ಬಂದ ಮಗುವನ್ನು 'ಎಷ್ಟನೆಯ ಸ್ಥಾನ' ಎಂದು ಕೇಳುವ ಮೊದಲು 'ಯಾರ ಜೊತೆ ಆಡಿದೆ' ಎಂದು ಕೇಳೋಣ.

ನನ್ನ ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪ್ರದರ್ಶನಕ್ಕೆ ಎರಡು ದಿನ ಉಳಿದಿದ್ದಾಗ, ಮತ್ತೆ ಮತ್ತೆ ಮಾತು ತಪ್ಪುತ್ತಿದ್ದ ಒಬ್ಬ ಹುಡುಗನ ಮೇಲೆ ಎಲ್ಲರ ಎದುರು ಕೂಗಾಡಿದೆ. ಅವನ ಪಾತ್ರವನ್ನು ಆಗಲೇ ಇನ್ನೊಬ್ಬನಿಗೆ ಕೊಟ್ಟೆ. ನಾಟಕ ಚೆನ್ನಾಯಿತು, ಬಹುಮಾನವೂ ಬಂತು. ಆ ಹುಡುಗ ಮತ್ತೆಂದೂ ನಾಟಕದ ಕೋಣೆಗೆ ಕಾಲಿಡಲಿಲ್ಲ. ಅವನಿಗೆ ಇನ್ನೂ ನಾಲ್ಕು ದಿನ ಬೇಕಿತ್ತು, ನನಗೆ ಕಾಯಲು ತಿಳಿದಿರಲಿಲ್ಲ. ಮಕ್ಕಳಿಗೆ ಕಾಯುವುದನ್ನು ಕಲಿಸಲು ಹೊರಟ ಮಾಷ್ಟ್ರಿಗೇ ಆ ವಿದ್ಯೆ ಬರುತ್ತಿರಲಿಲ್ಲ. ಆ ಬಹುಮಾನದ ಫಲಕ ಎಲ್ಲಿ ಹೋಯಿತೋ ನೆನಪಿಲ್ಲ. ಹುಡುಗನ ಮುಖ ಮಾತ್ರ ಮರೆತಿಲ್ಲ.

ಸಂಪಾಜೆ ಏನು ಮಾಡಬಹುದು?

ಒಂದೇ ಹೆಸರು ಹೊತ್ತು ಗಡಿಯ ಗೇಟಿನ ಎರಡೂ ಬದಿಯಲ್ಲಿರುವ ಊರು ಇದು. ಆಚೆ ಕೊಡಗಿನ ಸಂಪಾಜೆ, ಈಚೆ ದಕ್ಷಿಣ ಕನ್ನಡದ ಸಂಪಾಜೆ. ನಡುವೆ ಪಯಸ್ವಿನಿ ಯಾವ ಜಿಲ್ಲೆಯನ್ನೂ ಕೇಳದೆ ಹರಿಯುತ್ತಾಳೆ. ಇಲ್ಲಿನ ಒಂದು ತರಗತಿಯಲ್ಲಿ ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಎಲ್ಲ ಕೇಳಿಸುತ್ತವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ ಸೀಮೆಯ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳ ತಮಿಳೂ ಈ ತಾಲೂಕಿನ ಶಾಲೆಗಳಲ್ಲಿದೆ. ಇಷ್ಟು ಭಾಷೆಗಳ ಮಗು ಶಾಲೆಯ ಕನ್ನಡದ ಎದುರು ತಡವರಿಸಿದರೆ ಅದನ್ನು ದಡ್ಡತನ ಎನ್ನಬೇಡಿ. ನಾಟಕದ ವೃತ್ತದಲ್ಲಿ ಮೊದಲ ವಾರ ಮನೆಯ ಭಾಷೆಯಲ್ಲೇ ಆಡಲಿ. ಸಂತೆಯ ದೃಶ್ಯದಲ್ಲಿ ಒಬ್ಬ ತುಳುವಿನಲ್ಲಿ ಕೂಗಲಿ, ಒಬ್ಬಳು ತಮಿಳಿನಲ್ಲಿ ಚೌಕಾಸಿ ಮಾಡಲಿ. ತನ್ನ ಭಾಷೆಗೆ ರಂಗದಲ್ಲಿ ಜಾಗವಿದೆ ಎಂದು ಕಂಡ ಮಗು ಕನ್ನಡಕ್ಕೆ ಹೆದರದೆ ಬರುತ್ತದೆ. ಅರೆಭಾಷೆಗೆ 2011ರಲ್ಲಿ ಅಕಾಡೆಮಿಯೇ ಸ್ಥಾಪನೆಯಾಗಿದೆ; ಆ ಭಾಷೆಯಲ್ಲಿ ಮಕ್ಕಳ ನಾಟಕಗಳು ಇನ್ನೂ ಹೆಚ್ಚು ಬರಬೇಕು.

ಕಥೆಗಳಿಗೂ ಬರವಿಲ್ಲ. 1837ರಲ್ಲಿ ಇದೇ ನೆಲದ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಹೊರಟು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿದರು. ಅಮರ ಸುಳ್ಯದ ಆ ಹೋರಾಟವನ್ನು ಪಾಠವಾಗಿ ಓದಿದ ಮಗುವಿಗೆ ಇಸವಿ ನೆನಪಿರುತ್ತದೆ. ಆಡಿದ ಮಗುವಿಗೆ ಆ ದಾರಿಯೇ ಕಾಲಿಗೆ ಗೊತ್ತಿರುತ್ತದೆ.

ಇನ್ನೊಂದು ಮಾತನ್ನು ತುಸು ತಗ್ಗಿದ ದನಿಯಲ್ಲಿ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಕುಸಿದಾಗ ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ಇಲ್ಲಿಗೆ ಇಳಿದು ಬಂದರು. 2022ರಲ್ಲಿ ಚೆಂಬು, ಸಂಪಾಜೆಯ ಸುತ್ತ ನೆಲ ನಡುಗಿತು, ಆ ಮಳೆಗಾಲದಲ್ಲೇ ಹೊಳೆ ಕಲ್ಲುಗುಂಡಿಯ ಪೇಟೆಗೆ ನುಗ್ಗಿತು. ದೊಡ್ಡವರಾದ ನಾವು ಆ ಭಯವನ್ನು ಮಾತಾಡಿ ಹಗುರ ಮಾಡಿಕೊಂಡೆವು. ಮಕ್ಕಳು ಅದನ್ನು ಎಲ್ಲಿ ಇಟ್ಟುಕೊಂಡಿದ್ದಾರೆ? ಜೋರು ಮಳೆ ಬಂದರೆ ಕಿಟಕಿಯ ಕಡೆ ನೋಡುವ ಮಗುವಿಗೆ 'ಹೆದರಬೇಡ' ಎಂದರೆ ಸಾಲದು. ಮಳೆಯ ಪಾತ್ರವನ್ನೇ ಅದಕ್ಕೆ ಕೊಡಿ. ಅದು ಗುಡುಗಲಿ, ಸುರಿಯಲಿ, ಗುಡ್ಡವನ್ನು ಬೀಳಿಸಲಿ, ಮತ್ತೆ ಎಲ್ಲರೂ ಸೇರಿ ಗುಡ್ಡವನ್ನು ಎಬ್ಬಿಸಲಿ. ತನ್ನನ್ನು ಹೆದರಿಸಿದ್ದನ್ನು ತಾನೇ ಆಡಿ ನಿಲ್ಲಿಸುವ ಶಕ್ತಿ ಮಗುವಿಗೆ ನಾಟಕದಲ್ಲಿ ಸಿಗುತ್ತದೆ. ನಾಟಕ ಚಿಕಿತ್ಸೆಯ ಬದಲಿಯಲ್ಲ. ಆದರೆ ಹೇಳಲಾಗದ್ದಕ್ಕೆ ಅದು ಒಂದು ಬಾಗಿಲು.

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ. ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ಕೊಟ್ಟಿದೆ, ಪ್ರತಿ ಶಾಲೆಗೂ ಕೊಡಬೇಕು ಎಂದು ನಾವು ಕೇಳುತ್ತಲೇ ಇರಬೇಕು. ಕೊಡುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ವಾರಕ್ಕೆ ಒಂದು ಪಿರಿಯಡ್, ಬೆಂಚು ಸರಿಸಿದ ಒಂದು ಕೋಣೆ, ಹತ್ತು ಅಡಿಕೆ ಹಾಳೆ, ಒಂದು ಜಾಗಟೆ. ಊರಿನ ಹಿರಿಯ ಕಲಾವಿದರು ತಿಂಗಳಿಗೊಮ್ಮೆ ಬಂದು ತಾಳ ಹಾಕಿಸಲಿ. ಒಂದೇ ಒಂದು ನಿಯಮ ಇರಲಿ: ತರಗತಿಯ ಪ್ರತಿ ಮಗುವಿಗೂ ಕೆಲಸ. ಪರದೆ ಎಳೆಯುವವಳು, ದೀಪ ನೋಡುವವನು, ಬಣ್ಣ ಕಲಸುವವಳು, ಗೆಜ್ಜೆ ಎಣಿಸಿಡುವವನು, ಯಾರೂ ಪ್ರೇಕ್ಷಕರ ಸಾಲಿಗೆ ಹೋಗಿ ಕೂರುವಂತಿಲ್ಲ.

ಕೊನೆಯದಾಗಿ

'ಕಾಯು' ಎಂಬ ಪದಕ್ಕೆ ಎರಡು ಅರ್ಥ ಹೇಳಿದೆ. ಮೂರನೆಯದನ್ನು ಉಳಿಸಿಕೊಂಡಿದ್ದೆ. ಬಚ್ಚಲ ಒಲೆಯ ಮೇಲೆ ಹಂಡೆಯ ನೀರು ಕಾಯುತ್ತದೆ. ಒಲೆಗೆ ಕಟ್ಟಿಗೆ ಇಟ್ಟು ಬಂದ ಮೇಲೆ ಮತ್ತೆ ಮತ್ತೆ ಹೋಗಿ ಬೆರಳದ್ದಿ ನೋಡಿದರೆ ನೀರು ಬೇಗ ಕಾಯುವುದಿಲ್ಲ. ಬೆಂಕಿ ಆರದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಮಕ್ಕಳೂ ಹಾಗೆ, ತಮ್ಮ ಹೊತ್ತಿನಲ್ಲಿ ಕಾಯುತ್ತಾರೆ. ಒಂದು ಮಗು ಮೂರನೆಯ ದಿನ ಬಾಯಿ ಬಿಟ್ಟೀತು, ಇನ್ನೊಂದು ಮೂರನೆಯ ವರ್ಷ.

ಈಗ ನನ್ನ ಮುಂದೆ ಚಾಪೆಯ ಮೇಲೆ ಒಂದು ಮಗು ಅಮ್ಮನ ಸೆರಗು ಹಿಡಿದುಕೊಂಡು ಕುಳಿತಿದೆ. ನನ್ನ ಕಣ್ಣು ಅತ್ತ ಹೋದರೆ ಮುಖ ಮರೆಸಿಕೊಳ್ಳುತ್ತದೆ. ಅದನ್ನು ಇಂದು ವೇದಿಕೆಗೆ ಕರೆಯುವುದಿಲ್ಲ. ಅದರ ಹೆಸರನ್ನೂ ಕೇಳುವುದಿಲ್ಲ. ಆದರೆ ಈ ಊರಿನಲ್ಲಿ ಒಂದು ವೃತ್ತ ಇರಲಿ, ಆ ವೃತ್ತದಲ್ಲಿ ಅದಕ್ಕಾಗಿ ಒಂದು ಜಾಗ ಖಾಲಿ ಇರಲಿ. ಅದು ಎದ್ದು ಬರುವವರೆಗೆ ಆ ಜಾಗವನ್ನು ನಾವೆಲ್ಲರೂ ಕಾಯೋಣ.